ಡಬ್ಬಿ ಕಟ್ಟುವ ಗಂಡನ ಪರವಾಗಿ

ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಂಡತಿಗೆ ಗಂಡ ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಟ್ಟರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದಿದ್ದೆ. ಶಿವಮೊಗ್ಗದಿಂದಲೂ ಭದ್ರಾವತಿಯಿಂದಲೂ ಆಕ್ಷೇಪಗಳು ಬಂದಿವೆ. ಬೈಗುಳಗಳನ್ನು ಬಿಟ್ಟು, ವಾದ ಅನ್ನಬಹುದಾದವನ್ನಷ್ಟೇ ಎತ್ತಿಕೊಳ್ಳುತ್ತೇನೆ.

“ನಮ್ಮ ಅಪ್ಪಂದಿರು ಇದನ್ನೆಲ್ಲ ಮಾಡಿದ್ರಾ? ಅವರ ಸಂಸಾರ ನಡೀಲಿಲ್ವಾ?”

ನಡೆಯಿತು. ಹೇಗೆ ನಡೆಯಿತು ಅನ್ನುವುದನ್ನು ಭದ್ರಾವತಿಯ ನ್ಯೂ ಟೌನ್, ಪೇಪರ್ ಟೌನ್‌ನಲ್ಲಿ ಬೆಳೆದವರು ನೆನಪು ಮಾಡಿಕೊಳ್ಳಲಿ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಎರಡೂ ಓಡಿದ್ದು ಶಿಫ್ಟಿನ ಮೇಲೆ. ರಾತ್ರಿಪಾಳಿ ಮುಗಿಸಿ ಬಂದ ಗಂಡಸು ಹಗಲು ಮಲಗಲಿ ಎಂದು ಮಕ್ಕಳನ್ನು ಹೊರಗೆ ಅಟ್ಟಿ, ರೇಡಿಯೋ ಆರಿಸಿ, ಬಾಗಿಲಿಗೆ ಬಂದ ನೆಂಟರನ್ನೂ ಪಿಸುಮಾತಿನಲ್ಲೇ ಮಾತಾಡಿಸಿದವರು ಯಾರು? ಶಿಫ್ಟ್ ಬದಲಾದಾಗಲೆಲ್ಲ ಅಡುಗೆಯ ಹೊತ್ತನ್ನೂ ತಮ್ಮ ನಿದ್ದೆಯನ್ನೂ ಬದಲಿಸಿಕೊಂಡವರು ಯಾರು? ಕುಲುಮೆಯ ಎದುರು ನಿಂತವನಿಗೆ ಸಂಬಳವಿತ್ತು, ಪಿ.ಎಫ್. ಇತ್ತು. ಅವನನ್ನು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಕಳಿಸಿದವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಆ ಕ್ವಾರ್ಟರ್ಸುಗಳಲ್ಲಿ ಆಸರೆಗೇನೂ ಕೊರತೆಯಿರಲಿಲ್ಲ, ಒಬ್ಬರೇ ಕೊಡುತ್ತಿದ್ದರು ಅಷ್ಟೆ.

ಈಗ ಕಾಲ ತಿರುಗಿದೆ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣ-ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಆಮೇಲೆ ಒಂದಷ್ಟು ಕೆಲಸ ಮತ್ತೆ ಶುರುವಾದರೂ ದಿಗಿಲು ಹೋಗಿಲ್ಲ. ಎಷ್ಟೋ ಮನೆಗಳಲ್ಲಿ ಹೊತ್ತಿಗೆ ಸರಿಯಾಗಿ ಹೊರಡಬೇಕಾದವಳು ಹೆಂಡತಿ. ನಿಮ್ಮ ಅಮ್ಮ ಮಾಡಿದ್ದನ್ನು ನೀವು ಮಾಡಿ ಅನ್ನುತ್ತಿದ್ದೇನೆ, ಹೊಸದೇನಲ್ಲ.

“ಹೆಂಡ್ತಿ ಗುಲಾಮ ಅಂತಾರೆ.”

ಅಂತಾರೆ. ಗೋಪಿ ಸರ್ಕಲ್ಲಿನಲ್ಲಿ ಚಹಾ ಕುಡಿಯುತ್ತ ಹಾಗನ್ನುವವರು ನಿಮ್ಮ ಮನೆಯ ಚೀಟಿ ದುಡ್ಡು ಕಟ್ಟುವುದಿಲ್ಲ.

“ನಾವೂ ಕೈಲಾದಷ್ಟು ಮಾಡ್ತೀವಿ.”

ನಂಬೋಣ. ಆದರೆ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಬೇರೆಯೇ ಹೇಳುತ್ತದೆ: ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು 97. ಅದೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ. ಅಂಥವರು ನಾಲ್ವರಲ್ಲಿ ಒಬ್ಬರಷ್ಟೇ.

“ಬೆಂಬಲ ಅಂದರೆ ಹೇಳಿದ್ದಕ್ಕೆಲ್ಲ ಹೂಂಗುಟ್ಟಬೇಕಾ?”

ಇದು ಯೋಚಿಸಬೇಕಾದ ಮಾತು. ಹೂಂಗುಟ್ಟಬೇಕಿಲ್ಲ. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ವಾಪಸು ಕಳಿಸಿದಳು ಎನ್ನುತ್ತದೆ ಶರಣರ ಕಥೆ. ಅವಳು ಅವನ ಬದುಕನ್ನು ತಾನು ನಡೆಸಲು ಹೊರಡಲಿಲ್ಲ; ಅವನೇ ಆರಿಸಿಕೊಂಡ ದಾರಿಯನ್ನು ಅವನಿಗೆ ನೆನಪಿಸಿದಳು. ನಮ್ಮವರು ಎಡವುವುದು ಇಲ್ಲೇ. ಟಾರ್ಗೆಟ್ ಮುಗಿಯಲಿಲ್ಲ ಎಂದು ಸೂಪರ್‌ವೈಸರ್ ಬೈದದ್ದನ್ನು ಹೆಂಡತಿ ಮನೆಗೆ ಬಂದು ಹೇಳಿದರೆ, ಮಾತು ಮುಗಿಯುವ ಮೊದಲೇ ಗಂಡ “ಕೆಲಸ ಬಿಟ್ಬಿಡು” ಅನ್ನುತ್ತಾನೆ. ಅದನ್ನೇ ಕಾಳಜಿ ಅಂದುಕೊಂಡಿರುತ್ತಾನೆ. ಅವಳು ಹೇಳಿದ್ದು ಅವಮಾನದ ಸುದ್ದಿ, ಇವನು ಕೈಹಾಕಿದ್ದು ಅವಳ ಸಂಬಳಕ್ಕೆ. ಪೂರ್ತಿ ಕೇಳಲಿ. ಬಿಡಲಾ ಅಂತ ಅವಳು ಕೇಳಿದ ದಿನ ಅಭಿಪ್ರಾಯ ಹೇಳಲಿ, ಬೇಕಾದರೆ ಖಡಾಖಂಡಿತವಾಗಿಯೇ.

“ಕೆಲಸ ಕಳಕೊಂಡ ಗಂಡಸಿಗೆ ಆಸರೆ ಬೇಡವಾ?”

ಬೇಕು, ಇದರಲ್ಲಿ ಜಗಳವಿಲ್ಲ. ಆದರೆ ಕೆಲಸ ಹೋದದ್ದನ್ನು ಮುಚ್ಚಿಟ್ಟು ಎಂದಿನಂತೆ ಬೈಕ್ ಹತ್ತಿ ಹೊರಟು, ಬಿ.ಎಚ್. ರಸ್ತೆಯಲ್ಲಿ ಹೊತ್ತು ಕಳೆದು ಬರುವವನಿಗೆ ಹೆಂಡತಿ ಹೇಗೆ ಆಸರೆಯಾದಾಳು? ಮನೆಯ ಮೇಲೆ ಸಾಲವಿದೆ ಎಂದು ಅವಳಿಗೆ ಗೊತ್ತಾಗುವುದು ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ. ಆಮೇಲೆ “ಕಷ್ಟದಲ್ಲಿ ನನ್ನ ಜೊತೆ ನಿಲ್ಲಲಿಲ್ಲ” ಎಂದು ದೂರುವುದು ಯಾವ ನ್ಯಾಯ? ಮೊದಲು ಲೆಕ್ಕ ಅವಳ ಮುಂದಿಡಿ.