ಫ್ಯೂಜಿನ ಜಾಗದಲ್ಲಿ ತಂತಿಯೇ?



ಹೋಟೆಲಿನ ಇಂಡಕ್ಷನ್ ಒಲೆ, ಬಿಲ್ಲಿನ ಯಂತ್ರ, ಕೋಣೆಯ ಟಿ.ವಿ. ಇವು ಕೆಟ್ಟಾಗ ನಾವು ಕೇಳುವ ಪ್ರಶ್ನೆ ಒಂದೇ: "ಯಾವಾಗ ಚಾಲೂ ಆದೀತು?" ಕೇಳಬೇಕಾದದ್ದು ಇನ್ನೊಂದಿದೆ: "ಸುಟ್ಟ ಭಾಗದ ಬದಲು ಏನು ಹಾಕಿದಿರಿ?"

ಯಂತ್ರದಲ್ಲಿ ಹೆಚ್ಚಿನ ಭಾಗಗಳು ಕೆಲಸ ಮಾಡುವುದಕ್ಕಾಗಿ ಇವೆ. ಕೆಲವು ಮಾತ್ರ ನಮ್ಮ ಪ್ರಾಣ ಕಾಯುವುದಕ್ಕಾಗಿ ಇವೆ. ಕರೆಂಟು ಮಿತಿಮೀರಿದರೆ ಫ್ಯೂಜು ತಾನು ಸುಟ್ಟು ಅದರ ದಾರಿ ಕಡಿಯುತ್ತದೆ. ಕಾವು ಮಿತಿಮೀರಿದರೆ ಥರ್ಮಲ್ ಫ್ಯೂಜು ಅದನ್ನೇ ಮಾಡುತ್ತದೆ. ೨೩೦ ವೋಲ್ಟಿನ ಲೈನಿಗೂ ಯಂತ್ರದ ಮೈಗೂ ನಡುವೆ ಕೂರಿಸುವ 'ವೈ' ವರ್ಗದ ಕೆಪ್ಯಾಸಿಟರು ಸುಲಭಕ್ಕೆ ಷಾರ್ಟ್ ಆಗದಂತೆ ಮಾಡಿದ್ದು. ಅದರ ಬದಲು ಸಾದಾ ಕೆಪ್ಯಾಸಿಟರು ಹಾಕಿ, ಅದು ಷಾರ್ಟ್ ಆದರೆ, ಅರ್ಥಿಂಗ್ ಇಲ್ಲದ ಕಡೆ ಯಂತ್ರದ ಮೈಗೇ ಕರೆಂಟು ಬರುತ್ತದೆ. ಒದ್ದೆ ಕೈಯ ಹುಡುಗ ಮುಟ್ಟಿದರೆ ಗತಿಯೇನು?

ಇವುಗಳ ಬೆಲೆ ಅಲ್ಪ, ಸಿಗುವುದೇ ಕಷ್ಟ. ಓಣಿಯ ಅಂಗಡಿಯಲ್ಲಿ ಸರಿಯಾದ ಅಳತೆಯದು ಇಲ್ಲದಾಗ "ಇದೂ ನಡೆಯುತ್ತದೆ" ಎಂಬ ಮಾತು ಬರುತ್ತದೆ. ತಂತಿ ಕಟ್ಟಿದರೂ ನಡೆಯುತ್ತದೆ. ಆದರೆ ಕಾಯುವುದಿಲ್ಲ.

ಮುಂಬಯಿಯವರಾದ ನಮಗೆ ಇಲ್ಲಿ ನೆಪ ಹೇಳುವಂತಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಸಮೀಪವೇ ಲ್ಯಾಮಿಂಗ್ಟನ್ ರೋಡು, ಅಂದರೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವಿದೆ. ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಪೇಟೆ. ಸುಟ್ಟ ಭಾಗವನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದರ ಮೇಲಿನ ಆಂಪಿಯರ್, ವೋಲ್ಟ್, ಉಷ್ಣತೆ, 'ಎಕ್ಸ್' ಅಥವಾ 'ವೈ' ಅಕ್ಷರ ಎಲ್ಲವೂ ತಾಳೆಯಾಗಬೇಕು. ಫ್ಯೂಜಿನ ಮೇಲೆ 'ಟಿ' ಎಂದಿದ್ದರೆ ತಡೆದು ಸುಡುವಂಥದು, 'ಎಫ್' ಎಂದಿದ್ದರೆ ಬೇಗ ಸುಡುವಂಥದು. ಅದಲು ಬದಲು ಮಾಡಕೂಡದು. ಹಳೆಯ ಯಂತ್ರದಿಂದ ಕಿತ್ತ ಮಾಲು ಇವಕ್ಕೆ ಬೇಡವೇ ಬೇಡ. ಒಂದೊಂದಕ್ಕೂ ಅಲೆಯುವುದು ಕಷ್ಟವಾದರೆ ನಾಲ್ಕು ಹೋಟೆಲುಗಳು ಕೂಡಿ ಒಂದು ಡಬ್ಬಿ ತುಂಬ ತಂದಿಡಲಿ.

ಕಂಪನಿಗಳ ಹೊಣೆಯೂ ಇದೆ. ರಿಪೇರಿಯ ಹಾಗೂ ಬಿಡಿಭಾಗಗಳ ಮಾಹಿತಿ ಒಂದೆಡೆ ಸಿಗಲೆಂದು ಕೇಂದ್ರ ಸರಕಾರ ೨೦೨೨ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಮಾಹಿತಿಯಷ್ಟೇ ಸಾಲದು, ಯಂತ್ರ ಮಾರಿದವನು ಅದರ ಫ್ಯೂಜನ್ನೂ ಮಾರಬೇಕು.

ಮಾಲಿಕರಲ್ಲಿ ನಮ್ಮ ಬೇಡಿಕೆ ಸ್ಪಷ್ಟವಿರಲಿ. ಸರಿಯಾದ ಭಾಗ ಬರುವ ತನಕ ಯಂತ್ರ ನಿಲ್ಲಲಿ. ನಿಂತ ಹೊತ್ತಿಗೆ ಕೆಲಸಗಾರನ ಸಂಬಳ ಕಡಿಯಕೂಡದು. ಸಂಬಳ ಹೋದೀತೆಂಬ ಭಯವಿದ್ದಲ್ಲಿ ನಮ್ಮವನೇ "ತಂತಿ ಕಟ್ಟಿ ಬಿಡಿ" ಎಂದಾನು.

ಮಿಲ್ಲಿನಲ್ಲಿ ದುಡಿದ ಹಿರಿಯರಿಗೆ ಈ ಮಾತು ಹೊಸದಲ್ಲ. ತಿರುಗುವ ಯಂತ್ರದ ಅಪಾಯಕಾರಿ ಭಾಗಗಳಿಗೆ ಬೇಲಿ ಬೇಕೆಂದು ೧೯೪೮ರ ಫ್ಯಾಕ್ಟರಿ ಕಾಯಿದೆ ವಿಧಿಸಿತ್ತು. ಆ ಬೇಲಿ ಕಣ್ಣಿಗೆ ಕಾಣುತ್ತಿತ್ತು. ಫ್ಯೂಜು ಕಣ್ಣಿಗೆ ಕಾಣದ ಬೇಲಿ. ಬೇಲಿಯಿಲ್ಲದ ಯಂತ್ರ ಕಂಡರೆ ಮಿಲ್ಲಿನವರು ಕೂಗೆಬ್ಬಿಸುವುದು ನ್ಯಾಯವಾದರೆ, ಫ್ಯೂಜಿಲ್ಲದ ಒಲೆಯೆದುರು ನಿಲ್ಲೆವೆಂದು ಹೋಟೆಲಿನವರು ಹೇಳುವುದೂ ನ್ಯಾಯವೇ.