ಮಳೆಗಾಲಕ್ಕೆ ಚಡ್ಡಿ, ಬೇಸಿಗೆಗೆ ಉದ್ದ ಪ್ಯಾಂಟು

ಘಟ್ಟದ ಮೇಲಿನ ಹೈಸ್ಕೂಲು ಹುಡುಗರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉದ್ದ ಪ್ಯಾಂಟು ಬೇಡ. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ನಿಲ್ಲುವ, ತೊಡೆಯ ಬಳಿ ಸಡಿಲವಾಗಿರುವ ಚಡ್ಡಿ ಸಾಕು. ಕಾನಸೂರಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಶಿರಸಿ–ಸಿದ್ದಾಪುರ ರಸ್ತೆಯ ಆಚೀಚೆ ಹಳ್ಳಿಗಳ ಮಕ್ಕಳಿಗೆ ಸಮವಸ್ತ್ರ ಹೊಲಿದುಕೊಡುವವಳು ನಾನು. ಅದೇ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಶಿರಸಿಯಲ್ಲಿ ವರ್ಷಕ್ಕೆ 2500 ಮಿ.ಮೀ. ಆಸುಪಾಸು ಮಳೆ, ಸಿದ್ದಾಪುರದ ನಿಲ್ಕುಂದದ ಕಡೆ ಅದಕ್ಕೂ ಜಾಸ್ತಿ. ಇದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಏಳನೇ ತರಗತಿಯವರೆಗೆ ಚಡ್ಡಿಯಲ್ಲಿ ಹಳ್ಳ, ಗದ್ದೆಯಂಚು ದಾಟಿದ ಹುಡುಗ ಎಂಟಕ್ಕೆ ಹೋದ ಕೂಡಲೇ ಕಡುನೀಲಿ ಪ್ಯಾಂಟಿಗೆ ಬರುತ್ತಾನೆ. ಊರಿನ ಶಾಲೆ ಬಿಟ್ಟು ದೂರದ ಹೈಸ್ಕೂಲಿಗೆ ಹೋಗಬೇಕಾಗಿ ಬಂದು ನಡಿಗೆ ಹೆಚ್ಚುವುದೂ ಅದೇ ವರ್ಷ. ಬಸ್ಸಿನ ರಸ್ತೆಗೆ ಬರುವಷ್ಟರಲ್ಲಿ ಮೊಣಕಾಲಿನವರೆಗೆ ಒದ್ದೆ. ಸಂಜೆ ನಾಲ್ಕೂವರೆಯವರೆಗೆ ಹಾಗೇ ಬೆಂಚಿನ ಮೇಲೆ.

ಮಳೆಗಾಲದಲ್ಲಿ ರಿಪೇರಿಗೆ ಬರುವ ಪ್ಯಾಂಟುಗಳನ್ನು ಮುಟ್ಟಿದರೆ ಸಾಕು, ಎಲ್ಲಿ ನೀರು ನಿಂತಿದೆ ಎಂದು ತಿಳಿಯುತ್ತದೆ. ಮೈಬಟ್ಟೆ ಒಣಗಿದ್ದರೂ ಸೊಂಟಪಟ್ಟಿಯೊಳಗಿನ ಕ್ಯಾನ್ವಾಸು, ಜೇಬಿನ ಒಳಚೀಲ, ಕಾಲಿನ ಕೆಳಮಡಿಕೆ ತಣ್ಣಗೇ ಇರುತ್ತವೆ. ಕೆಳಮಡಿಕೆಯದಂತೂ ದೊಡ್ಡ ಕತೆ. ಹುಡುಗ ಬೆಳೆಯುತ್ತಾನೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು ಎಂದು ತಾಯಂದಿರು ಮೂರು ಇಂಚು ಒಳಗೆ ಮಡಚಿಸುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ, ಹೊಲಿಗೆ ಕೂಲಿ ಅವರ ಕೈಯಿಂದಲೇ ಹೋಗಬೇಕು. ಆದರೆ ಆ ಮಡಿಕೆಯಲ್ಲಿ ಬಟ್ಟೆ ಎರಡು ಪದರ. ದಾರಿಯ ಕೆಂಪು ರಾಡಿ ಒಳಗೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಆಗಸ್ಟ್‌ನಲ್ಲಿ ಒಂದು ಮಡಿಕೆ ಬಿಚ್ಚಿದರೆ ಮೇಜಿನ ಮೇಲೆ ಮಣ್ಣು ಉದುರುತ್ತದೆ, ನೂಲು ಕೊಳೆತಿರುತ್ತದೆ. “ಅಕ್ಕಾ, ಯಮ್ಮನೆ ಮಾಣಿ ಪ್ಯಾಂಟ್ ಒಣಗ್ತೇ ಇಲ್ಲೆ” ಎಂದು ಬಂದವರಿಗೆಲ್ಲ ನಾನು ಮೊದಲು ಬಿಚ್ಚಿಕೊಡುವುದು ಆ ಮಡಿಕೆಯನ್ನೇ. ಜೇಬಿಗೂ ದಪ್ಪ ಹತ್ತಿ ಬಟ್ಟೆ ಬಿಟ್ಟು ತೆಳು ಪಾಲಿಯೆಸ್ಟರ್ ಹಾಕುತ್ತೇನೆ.

ಬಟ್ಟೆಯ ಗುಣವೂ ಇಲ್ಲಿ ಮುಖ್ಯ. 100 ಗ್ರಾಂ ಒಣ ಹತ್ತಿ ಸಾಧಾರಣ ಹವೆಯಿಂದಲೇ 8.5 ಗ್ರಾಂನಷ್ಟು ತೇವ ಎಳೆದುಕೊಂಡರೆ ಪಾಲಿಯೆಸ್ಟರ್ ಎಳೆಯುವುದು 0.4 ಗ್ರಾಂ ಮಾತ್ರ. ಹಾಗಾಗಿ ಮಳೆಗಾಲಕ್ಕೆ ಮಿಶ್ರ ನೂಲಿನ ತೆಳು ಬಟ್ಟೆಯೇ ಸರಿ. ಕಾಲೇಜು ಹುಡುಗರ ಜೀನ್ಸ್ ಜುಲೈಯಲ್ಲಿ ಒಮ್ಮೆ ನೆನೆದರೆ ಬಚ್ಚಲ ಒಲೆಯ ಮೇಲೆ ಎರಡು ದಿನ ನೇತಾಡುತ್ತದೆ. ಒದ್ದೆ ಬಟ್ಟೆ ತೊಡೆಸಂದಿಗೆ ಅಂಟಿಕೊಂಡಿದ್ದರೆ ಹುಳುಕಡ್ಡಿ ಏಳುತ್ತದೆ. ಒಬ್ಬನಿಗೆ ಬಂದರೆ ಟವೆಲಿನಿಂದ ಮನೆಮಂದಿಗೆಲ್ಲ ಹರಡುತ್ತದೆ. ನಾಚಿಕೆಯಿಂದ ಯಾವ ಹುಡುಗನೂ ಹೇಳಿಕೊಳ್ಳುವುದಿಲ್ಲ. ‘ಸ್ವಲ್ಪ ಲೂಸ್ ಇಡಿ’ ಎಂದು ಮೆಲ್ಲಗೆ ಹೇಳಿದಾಗ ನಾನೇ ಅರ್ಥ ಮಾಡಿಕೊಳ್ಳಬೇಕು.

ಚಡ್ಡಿ ಹಾಕಿದರೆ ಉಂಬಳ ಕಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ಯಾಂಟು ಹಾಕಿದರೂ ಕಚ್ಚುತ್ತದೆ. ಬರಿಗಾಲಿನ ಮೇಲೆ ಏರಿದರೆ ಕಣ್ಣಿಗೆ ಬೀಳುತ್ತದೆ, ಕಿತ್ತು ಬಿಸಾಡಬಹುದು. ಪ್ಯಾಂಟಿನೊಳಗೆ ಸೇರಿದ್ದು ಹೊಟ್ಟೆ ತುಂಬ ಕುಡಿದು ತಾನಾಗಿ ಉದುರಿದ ಮೇಲಷ್ಟೇ ಗೊತ್ತಾಗುವುದು. ಅಡಿಕೆ ಮರ ಹತ್ತಿ ಕೊಳೆ ಔಷಧಿ ಹೊಡೆಯುವ ಕೊನೆಗೌಡ ಚಡ್ಡಿಯಲ್ಲೇ ಮರ ಹತ್ತುತ್ತಾನೆ. ಗದ್ದೆಗೆ ಇಳಿಯುವವರು ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟುತ್ತಾರೆ. ಹೆಂಗಸರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಾರೆ. ಮಳೆಯಲ್ಲಿ ದುಡಿಯುವ ಯಾರೂ ಇಲ್ಲಿ ಹಿಮ್ಮಡಿ ಮುಚ್ಚುವ ಬಟ್ಟೆ ತೊಡುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಗಷ್ಟೇ ಆ ಕಟ್ಟಳೆ.

ಇನ್ನು ಬೇಸಿಗೆ. ಸೆಕೆಗೆ ಚಡ್ಡಿ ಹಿತ ಎಂದು ಪೇಟೆಯವರಿಗೆ ಅನ್ನಿಸಬಹುದು. ಸಿದ್ದಾಪುರದ ಕಾಡಂಚಿನಲ್ಲಿ ಅದು ಅಪಾಯ. ಡಿಸೆಂಬರ್‌ನಿಂದ ಮೇ ತನಕ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಈ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬ ತಾಲೂಕಿನದು. ಸಿದ್ದಾಪುರದಲ್ಲೂ ಈ ಕಾಯಿಲೆಗೆ ಜೀವ ಹೋಗಿದೆ. ತರಗೆಲೆಯಲ್ಲಿ ಕೂತ ಎಳೆ ಉಣುಗು ಎಳ್ಳಿಗಿಂತ ಸಣ್ಣದು, ಕಾಲಿಗೆ ಹತ್ತಿದ್ದೇ ತಿಳಿಯುವುದಿಲ್ಲ. ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಡೇಪಾ ತೈಲ ಹಚ್ಚಿಕೊಂಡು ಕಾಡಿಗೆ ಹೋಗಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಸೊಪ್ಪಿನಬೆಟ್ಟದ ಕಾಲುದಾರಿಯಲ್ಲಿ ಶಾಲೆಗೆ ಬರುವ ಮಗುವಿಗೂ ಆ ಮಾತು ಸಲ್ಲಬೇಕು. ಆ ತಿಂಗಳುಗಳಲ್ಲಿ ಐದನೇ ತರಗತಿಯ ಹುಡುಗನಿಗೂ ಉದ್ದ ಪ್ಯಾಂಟೇ ಬೇಕು, ತುದಿಯನ್ನು ಸಾಕ್ಸಿನೊಳಗೆ ಸೇರಿಸುವಷ್ಟು ಕಿರಿದಾಗಿ. ತೆಳು ಬಣ್ಣದ್ದಾದರೆ ಇನ್ನೂ ಒಳ್ಳೆಯದು, ಕಡುನೀಲಿಯ ಮೇಲೆ ಉಣುಗು ಕಾಣುವುದಿಲ್ಲ.

ಹೆಣ್ಣುಮಕ್ಕಳ ಕಷ್ಟ ಹುಡುಗರಿಗಿಂತ ಹೆಚ್ಚು. ಚೂಡಿದಾರದ ಅಗಲ ಕಾಲು ರಾಡಿಯನ್ನು ಎಳೆದುಕೊಂಡೇ ಹೋಗುತ್ತದೆ. ಮುಟ್ಟಿನ ದಿನಗಳಲ್ಲಿ ಒದ್ದೆ ಬಟ್ಟೆಯಲ್ಲಿ ದಿನವಿಡೀ ಕೂರುವ ಹಿಂಸೆಯನ್ನು ನನ್ನ ಹತ್ತಿರ ಅಳತೆ ಕೊಡುವಾಗ ಮೆಲುದನಿಯಲ್ಲಿ ಹೇಳಿಕೊಂಡವರಿದ್ದಾರೆ. ಕಾಲು ಕಾಣುವ ಬಟ್ಟೆ ಹಾಕಿ ಎಂದು ಅವರನ್ನು ಯಾರೂ ಒತ್ತಾಯಿಸಬಾರದು. ನೆರಿಗೆಯಿಲ್ಲದ, ಹಿಮ್ಮಡಿಗಿಂತ ಒಂದು ಗೇಣು ಮೇಲೆ ನಿಲ್ಲುವ ನೇರ ಪ್ಯಾಂಟಿಗೆ ಅನುಮತಿ ಕೊಟ್ಟರೆ ಸಾಕು. ಶಾಲೆಯಲ್ಲಿ ಬದಲಿಸಿಕೊಳ್ಳಲು ಒಂದು ಒಣ ಜೊತೆ ಇಡುವ ಜಾಗವನ್ನೂ ಕೊಡಬೇಕು.

ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. ಶೂ–ಸಾಕ್ಸ್ ಕೊಡುವಾಗ ಸ್ಥಳೀಯ ಹವಾಗುಣಕ್ಕೆ ತಕ್ಕಂತೆ ಶೂ ಬದಲು ಚಪ್ಪಲಿ ಕೊಳ್ಳಬಹುದು ಎಂದು ಸರ್ಕಾರವೇ ಶಾಲಾ ಸಮಿತಿಗಳಿಗೆ (ಎಸ್‌ಡಿಎಂಸಿ) ಬಿಟ್ಟುಕೊಟ್ಟಿದೆ. ಪಾದಕ್ಕೆ ಸಿಕ್ಕ ಈ ಸ್ವಾತಂತ್ರ್ಯ ಕಾಲಿಗೂ ಸಿಗಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಒಂದೇ ನಿಯಮ ಮಾಡಿದರೂ ತಪ್ಪಾದೀತು: ಬನವಾಸಿಯ ಬಯಲಲ್ಲಿ, ಯಲ್ಲಾಪುರದ ಕಿರವತ್ತಿಯಲ್ಲಿ ಮಳೆ ಕಡಿಮೆ, ಅಲ್ಲಿನವರಿಗೆ ಉದ್ದ ಪ್ಯಾಂಟೇ ಒಗ್ಗಬಹುದು, ವಜ್ರಳ್ಳಿ, ಇಡಗುಂದಿಯಲ್ಲಿ ಹಾಗಲ್ಲ. ಆಯಾ ಶಾಲೆಯ ಸಮಿತಿಯೇ ಕೂತು ತೀರ್ಮಾನಿಸಲಿ. ಚಡ್ಡಿ ಹಾಕಿದರೆ ಶಿಸ್ತು ಕೆಡುತ್ತದೆ ಎಂದು ಶಿಕ್ಷಕರೊಬ್ಬರು ನನ್ನೊಡನೆ ವಾದಿಸಿದ್ದುಂಟು. ಒಣ ಚಡ್ಡಿಯಲ್ಲಿ ಕೂತ ಹುಡುಗ ಪಾಠಕ್ಕೆ ಕಿವಿಗೊಡುತ್ತಾನೆ, ಒದ್ದೆ ಪ್ಯಾಂಟಿನವನು ತುರಿಸಿಕೊಳ್ಳುತ್ತ ಗಂಟೆ ಹೊಡೆಯುವುದನ್ನು ಕಾಯುತ್ತಾನೆ ಎಂದೇ ಅವರಿಗೆ ಹೇಳಿದೆ.

ಎರಡು ಜೊತೆಯ ಬಟ್ಟೆ ಬಂದಾಗ ಒಂದನ್ನು ಚಡ್ಡಿಗೆ, ಇನ್ನೊಂದನ್ನು ಪ್ಯಾಂಟಿಗೆ ಕತ್ತರಿಸಬಹುದು. ಚಡ್ಡಿಯಲ್ಲಿ ಉಳಿದ ತುಂಡು ಮೊಣಕಾಲಿನ ತೇಪೆಗೆ ಆಗುತ್ತದೆ, ಹೊಲಿಗೆ ಕೂಲಿಯೂ ಕಡಿಮೆ. ಶಿರಸಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ ಕಚೇರಿ ಇಲ್ಲೇ ಶಿರಸಿಯಲ್ಲಿದೆ. ಅಲ್ಲಿಂದ ಒಂದು ಸುತ್ತೋಲೆ ಮೇ ತಿಂಗಳೊಳಗೆ ಹೊರಟರೆ ನನ್ನಂಥ ದರ್ಜಿಗಳು ಬಟ್ಟೆಗೆ ಕತ್ತರಿ ಹಾಕುವ ಮೊದಲೇ ತಲುಪುತ್ತದೆ.