ಮಿದುಳಿಗೊಂದು ಶ್ರುತಿಪೆಟ್ಟಿಗೆ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗನನ್ನು ಕರೆದುಕೊಂಡು ಮನೆಗೆ ಬಂದ. ಹುಡುಗ ಏಳನೇ ತರಗತಿ. ಕೂತಲ್ಲಿ ಕೂರುವವನಲ್ಲ, ಅರ್ಧ ಲೆಕ್ಕ ಮಾಡಿ ಎದ್ದು ಹೋಗುವವನು. ಚಿಕ್ಕಂದಿನಲ್ಲಿ ಎರಡು ಮೂರು ಸಲ ಫಿಟ್ಸ್ ಬಂದದ್ದರಿಂದ ದಿನವೂ ಮಾತ್ರೆ ನುಂಗುತ್ತಾನೆ. ತಂದೆಯ ಕೈಯಲ್ಲಿ ಬಣ್ಣದ ಕರಪತ್ರವಿತ್ತು.

‘ಮೇಷ್ಟ್ರೇ, ತಲೆಗೆ ವೈರು ಅಂಟಿಸಿ ಕಂಪ್ಯೂಟರಿನಲ್ಲಿ ಆಟ ಆಡಿಸ್ತಾರಂತೆ. ನಲವತ್ತು ಸಲ ಹೋದರೆ ಮಿದುಳೇ ಪಳಗುತ್ತಂತೆ. ಆಮೇಲೆ ಮಾತ್ರೆಯೂ ಬೇಕಾಗಲ್ಲ ಅಂದರು. ದುಡ್ಡು ಕಟ್ಟಲಾ?’

ಕೇಳಿದ ಮೊತ್ತ ಅವನ ಎರಡು ತಿಂಗಳ ಸಂಬಳ.

ಈ ವಿದ್ಯೆಯ ಹೆಸರು ನ್ಯೂರೋಫೀಡ್‌ಬ್ಯಾಕ್. ಸಂಗೀತ ಕಲಿಯುವ ಮಗುವನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಶ್ರುತಿಪೆಟ್ಟಿಗೆ ನುಡಿಯುತ್ತಿರುತ್ತದೆ, ದನಿ ಶ್ರುತಿಗೆ ಸೇರಿತೋ ಇಲ್ಲವೋ ಎಂದು ಮಗುವಿನ ಕಿವಿಯೇ ಹೇಳುತ್ತದೆ, ಮಗು ಏರಿಸಿ ಇಳಿಸಿ ಸರಿಪಡಿಸಿಕೊಳ್ಳುತ್ತದೆ. ಹೇಗೆ ಸರಿಪಡಿಸಿದೆ ಎಂದು ಕೇಳಿದರೆ ಅದಕ್ಕೆ ಹೇಳಲು ಬಾರದು. ನಮ್ಮ ಮಿದುಳಿನ ವಿದ್ಯುತ್ ಅಲೆಗಳನ್ನು ಕೇಳುವ ಕಿವಿ ನಮಗಿಲ್ಲ. ಯಂತ್ರ ಆ ಕಿವಿಯಾಗುತ್ತದೆ. ನೆತ್ತಿಗೆ ಅಂಟಿಸಿದ ಸಣ್ಣ ಲೋಹದ ಬಿಲ್ಲೆಗಳು ಅಲೆಗಳನ್ನು ಹಿಡಿಯುತ್ತವೆ. ಬೇಕಾದ ಅಲೆ ಹೆಚ್ಚಿದಾಗ ಪರದೆಯ ಮೇಲಿನ ಕಾರು ಓಡುತ್ತದೆ, ತಗ್ಗಿದಾಗ ನಿಲ್ಲುತ್ತದೆ. ತಲೆಯೊಳಕ್ಕೆ ವಿದ್ಯುತ್ತೇನೂ ಹರಿಯುವುದಿಲ್ಲ. ಆ ಭಯ ಬೇಡ.

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ. ಕಣ್ಣು ಮುಚ್ಚಿ ಸುಮ್ಮನಿದ್ದರೆ ಸೆಕೆಂಡಿಗೆ 8ರಿಂದ 13 ಅಲೆಗಳು. ಕಣ್ಣು ತೆರೆದೊಡನೆ ಅವು ಅಡಗುತ್ತವೆ. ಇವುಗಳ ಬಲ ಎಷ್ಟು? ಸುಮಾರು 50 ಮೈಕ್ರೋವೋಲ್ಟ್ ಎಂದಿಟ್ಟುಕೊಳ್ಳಿ. ಟಾರ್ಚಿನ ಒಂದು ಸೆಲ್ಲಿನ 1.5 ವೋಲ್ಟನ್ನು ಮೂವತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಹಲ್ಲು ಕಚ್ಚಿದರೆ, ಕಣ್ಣು ಮಿಟುಕಿಸಿದರೆ ಹುಟ್ಟುವ ವಿದ್ಯುತ್ತು ಇದಕ್ಕಿಂತ ದೊಡ್ಡದು. ಹಾಗಾಗಿ ಪರದೆಯ ಕಾರು ಓಡಿದ್ದು ಮಿದುಳಿನಿಂದಲೋ ದವಡೆಯಿಂದಲೋ ಎಂದು ಬೇರ್ಪಡಿಸಲು ನುರಿತ ಕೈ ಬೇಕು.

ಇನ್ನು ಬೆಕ್ಕುಗಳ ಕಥೆ. 1960ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಬ್ಯಾರಿ ಸ್ಟರ್ಮನ್ ಎಂಬ ವಿಜ್ಞಾನಿ ಬೆಕ್ಕುಗಳಿಗೆ ಒಂದು ಪಾಠ ಕಲಿಸಿದ. ಮೈ ಅಲ್ಲಾಡಿಸದೆ ಹೊಂಚು ಕಾಯುವ ಬೆಕ್ಕಿನ ಮಿದುಳಿನಲ್ಲಿ ಸೆಕೆಂಡಿಗೆ 12ರಿಂದ 15ರಷ್ಟು ಅಲೆಗಳು ಕಾಣುತ್ತವೆ. ಆ ಅಲೆ ಬಂದಾಗಲೆಲ್ಲ ಹಾಲು, ಕೋಳಿ ಸಾರು ಬಹುಮಾನ. ಬೆಕ್ಕುಗಳು ಬೇಗ ಕಲಿತವು. ಮುಂದೆ ರಾಕೆಟ್ ಇಂಧನದ ವಿಷವನ್ನು ಪರೀಕ್ಷಿಸುವ ಬೇರೊಂದು ಕೆಲಸ ಅವನಿಗೆ ಬಂತು. ಆ ವಿಷ ತಾಗಿದರೆ ಫಿಟ್ಸ್ ಬರುತ್ತದೆ. ವಿಚಿತ್ರವೆಂದರೆ, ಹಿಂದೆ ಪಾಠ ಕಲಿತಿದ್ದ ಬೆಕ್ಕುಗಳಿಗೆ ಫಿಟ್ಸ್ ತಡವಾಗಿ ಬಂತು, ಕೆಲವಕ್ಕೆ ಬರಲೇ ಇಲ್ಲ. ಬೆಕ್ಕಿಗೆ ಡಾಕ್ಟರ ಮೇಲೆ ನಂಬಿಕೆ ಇಟ್ಟು ಗುಣವಾಗುವ ಅಭ್ಯಾಸವಿಲ್ಲವಲ್ಲ! ಆದ್ದರಿಂದ ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. 1972ರಲ್ಲಿ ಮೂರ್ಛೆರೋಗದ ಒಬ್ಬ ತರುಣಿಗೆ ಇದೇ ತರಬೇತಿಯಿಂದ ಅನುಕೂಲವಾಯಿತೆಂದು ಸ್ಟರ್ಮನ್ ವರದಿ ಮಾಡಿದ. ಗಮನ ನಿಲ್ಲದ ಮಕ್ಕಳ ಮೇಲಿನ ಪ್ರಯೋಗಗಳೂ ಅದೇ ದಶಕದಲ್ಲಿ ಶುರುವಾದವು.

ಮಕ್ಕಳು ಬೆಕ್ಕುಗಳಲ್ಲ. ಅವರಿಗೂ ಅವರ ತಂದೆ ತಾಯಿಗೂ ನಂಬಿಕೆ, ಆಸೆ ಎಲ್ಲ ಇರುತ್ತವೆ. ಅದಕ್ಕಾಗಿ ಅಮೆರಿಕದಲ್ಲಿ 7ರಿಂದ 10 ವರ್ಷದ 144 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಪರದೆ ಮಕ್ಕಳ ಸ್ವಂತ ಮಿದುಳಿನ ಅಲೆಗೆ ತಕ್ಕಂತೆ ನಡೆಯಿತು. ಇನ್ನೊಂದು ಗುಂಪಿನದು ಬೇರೆ ಮಗುವಿನಿಂದ ಮೊದಲೇ ದಾಖಲಿಸಿಟ್ಟ ಅಲೆಗೆ ತಕ್ಕಂತೆ. ಯಾರದು ಅಸಲಿ, ಯಾರದು ನಕಲಿ ಎಂಬುದು ಮಕ್ಕಳಿಗೂ ಪೋಷಕರಿಗೂ ಗೊತ್ತಿಲ್ಲ. ತಲಾ 38 ಪಾಠ. 2021ರಲ್ಲಿ ಅಚ್ಚಾದ ಫಲಿತಾಂಶ ನೋಡಿ: ಎರಡೂ ಗುಂಪು ಸುಧಾರಿಸಿತು, ಹೆಚ್ಚುಕಡಿಮೆ ಒಂದೇ ಸಮನಾಗಿ! 2024ರ ಕೊನೆಯಲ್ಲಿ ಇಂಥ 38 ಪ್ರಯೋಗಗಳನ್ನು, ಒಟ್ಟು 2472 ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದವರಿಗೂ ಗಮನದ ತೊಂದರೆಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಇಷ್ಟನ್ನು ಹೇಳಿದಾಗ ಶಿಷ್ಯ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ. ‘ನಕಲಿಯವರೂ ಸುಧಾರಿಸಿದರಲ್ಲ ಮೇಷ್ಟ್ರೇ. ಸುಧಾರಿಸಿದರೆ ಸಾಕಲ್ಲವೇ?’

ಅವನ ಮಾತು ತೆಗೆದುಹಾಕುವಂಥದ್ದಲ್ಲ. ವಾರಕ್ಕೆ ಹಲವು ಸಲ ದೊಡ್ಡವರೊಬ್ಬರು ಮಗುವಿನ ಪಕ್ಕ ತಾಳ್ಮೆಯಿಂದ ಕೂತು, ಬೈಯದೆ, ಸರಿ ಮಾಡಿದಾಗ ಭೇಷ್ ಎನ್ನುತ್ತಾರೆ. ತಂದೆ ತಾಯಿ ಹೊಸ ಆಸೆಯಿಂದ ಮಗುವನ್ನು ನೋಡುತ್ತಾರೆ. ಮಗು ಬೆಳೆಯುತ್ತಲೂ ಇರುತ್ತದೆ. ಸುಧಾರಣೆಗೆ ಇಷ್ಟು ಕಾರಣಗಳಿರುವಾಗ ಎರಡು ತಿಂಗಳ ಸಂಬಳ ಯಂತ್ರಕ್ಕೆ ಯಾಕೆ ಹೋಗಬೇಕು ಎಂದೆ. ಅವನು ತಲೆ ಕೆರೆದುಕೊಂಡ.

ಹಾಗೆಂದು ಸಂಶೋಧನೆ ಮುಗಿದಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ತಲೆಗೆ ಪೆಟ್ಟು ಬಿದ್ದವರ ನೆನಪು, ಗಮನ ಚೇತರಿಸಲು ಈ ವಿಧಾನವನ್ನು ಪ್ರಯೋಗಿಸಿದ್ದಾರೆ. ಅಲ್ಲಿ ವೈದ್ಯರು, ಮನಶ್ಶಾಸ್ತ್ರಜ್ಞರು ರೋಗ ಗುರುತಿಸಿ, ಉಳಿದ ಚಿಕಿತ್ಸೆಯ ಜೊತೆಗೆ ಮಾಡುವ ಕೆಲಸ ಅದು. ಕರಪತ್ರದ ಅಂಗಡಿಯಲ್ಲಿ ಆತಂಕ, ಖಿನ್ನತೆ, ನಿದ್ರಾಹೀನತೆ, ಪರೀಕ್ಷಾಭಯ ಎಲ್ಲಕ್ಕೂ ಒಂದೇ ಯಂತ್ರ.

ನನ್ನ ನಿಜವಾದ ಭಯ ದುಡ್ಡಿನದಲ್ಲ, ಮಾತ್ರೆಯದು. ಫಿಟ್ಸ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಬೆಕ್ಕುಗಳ ಕಥೆ ಎಷ್ಟೇ ಸೊಗಸಾಗಿರಲಿ, ಮಾತ್ರೆ ತಗ್ಗಿಸುವುದು, ನಿಲ್ಲಿಸುವುದು ನರರೋಗ ವೈದ್ಯರು ನೋಡಿ, ನಿಧಾನವಾಗಿ ಮಾಡಬೇಕಾದ್ದು. ಕರಪತ್ರ ಕೊಟ್ಟವರಿಗೆ ಅದನ್ನು ಹೇಳುವ ಅಧಿಕಾರವಿಲ್ಲ. ಇದನ್ನು ಶಿಷ್ಯನಿಗೆ ಎರಡು ಸಲ ಹೇಳಿದೆ, ಹುಡುಗನಿಗೂ ಹೇಳಿದೆ.

ಅಷ್ಟು ಹೊತ್ತೂ ನನ್ನ ಮೇಜಿನ ಮೇಲಿನ ಆಯಸ್ಕಾಂತವನ್ನು ಕೀಲಿಗೊಂಚಲಿಗೆ ಅಂಟಿಸಿ ಬಿಡಿಸುತ್ತಿದ್ದ ಹುಡುಗ, ‘ಬೆಕ್ಕು ಆ ವಿಷ ಬಿದ್ದಮೇಲೆ ಬದುಕಿತಾ ಸಾರ್?’ ಎಂದು ಕೇಳಿದ. ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದ. ಮೊನ್ನೆ ಅವರಪ್ಪ ಫೋನ್ ಮಾಡಿದ್ದ. ಮುಂದಿನ ವಾರ ಮೊದಲಿನ ಡಾಕ್ಟರ ಹತ್ತಿರವೇ ಹೋಗುತ್ತಾರಂತೆ. ದುಡ್ಡು ಕಟ್ಟಿಲ್ಲ. ಮಾತ್ರೆ ನಡೆದಿದೆ.